ಭಾನುವಾರ ಬರುವ ಸುನೀಲಕುಮಾರ

ಧಾರವಾಡದ ಈರೇಶ ಕೆನಡಾದ ಉತ್ತರದ ಗಣಿಯೊಂದರಲ್ಲಿ ವೆಲ್ಡರ್. ತಿಂಗಳುಗಟ್ಟಲೆ ಕ್ಯಾಂಪಿನಲ್ಲಿದ್ದು, ನಡುನಡುವೆ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಮನೆಗೆ ಬಂದುಹೋಗುತ್ತಿದ್ದ. ಹೆಂಡತಿ ಜ್ಯೋತ್ಸ್ನಾ, ಮಗಳು ಶಿವಾನಿ ಇಬ್ಬರೂ ಅವನಿಲ್ಲದೆ ಬದುಕುವುದನ್ನು ಕಲಿತುಬಿಟ್ಟಿದ್ದರು. ಅದೇ ಅವನನ್ನು ಒಳಗೊಳಗೆ ಚುಚ್ಚುತ್ತಿತ್ತು.

ಈ ಸಲ ಬಂದಾಗ ಅವನ ಕುರ್ಚಿಯ ಮೇಲೆ ಯಾರದೋ ಮಫ್ಲರ್ ಇತ್ತು.

"ಸುನೀಲಕುಮಾರ್ ಅಂಕಲ್‌ದು. ಎವ್ರಿ ಸಂಡೇ ಬರ್ತಾರ," ಎಂದಳು ಶಿವಾನಿ.

ಕನ್ನಡ ಸಂಘದಲ್ಲಿ ಪರಿಚಯವಾದ, ಹೆಂಡತಿಯನ್ನು ಬಿಟ್ಟ ಮನುಷ್ಯ. ಸೋರುತ್ತಿದ್ದ ನಲ್ಲಿ ಈಗ ಸೋರುತ್ತಿರಲಿಲ್ಲ. ಜ್ಯೋತ್ಸ್ನಾಳ ಕಿವಿಯಲ್ಲಿ ಹೊಸ ಓಲೆಗಳಿದ್ದವು. ನೋಡಿದ್ದೆಲ್ಲ ಈರೇಶನ ಎದೆಯಲ್ಲಿ ಕೆಂಡವಾಗುತ್ತಿತ್ತು.

ಸಂಜೆ ಶಿವಾನಿ ಕಾಲೇಜಿಗಾಗಿ ಗ್ರೀಕರ ಹಳೆಯ ಮಹಾಕಾವ್ಯವೊಂದನ್ನು ಓದುತ್ತಿದ್ದಳು. ಈರೇಶ ಕತೆ ಕೇಳಿದ. ಯುದ್ಧಕ್ಕೆ ಹೋದ ರಾಜ ಎಷ್ಟೋ ವರ್ಷ ಬರಲಿಲ್ಲ. ಅವನ ಅರಮನೆ ಹೊಕ್ಕ ಗಂಡಸರು ಅವನದೇ ಕುರಿ ತಿಂದು, ಅವನದೇ ಮದ್ಯ ಕುಡಿದು, ನಮ್ಮಲ್ಲೊಬ್ಬನನ್ನು ಮದುವೆಯಾಗೆಂದು ರಾಣಿಯನ್ನು ಕಾಡಿದರು. ಭಿಕ್ಷುಕನ ವೇಷದಲ್ಲಿ ಬಂದ ರಾಜ ಬಿಲ್ಲು ಹಿಡಿದು ಎಲ್ಲರನ್ನೂ ಕೊಂದ.

"ಛಲೋ ಮಾಡಿದ," ಎಂದ ಈರೇಶ.

"ಆ ಗಂಡಸರ ಜೊತಿ ಇದ್ದ ಕೆಲಸದ ಹುಡುಗಿಯರನ್ನೂ ನೇಣಿಗೆ ಹಾಕಿದ್ರಪ್ಪ. ಅದು ಜಸ್ಟಿಸ್ ಏನು?"

ಅವನಿಗೆ ಅದು ಕೇಳಿಸಲೇ ಇಲ್ಲ.

ಶನಿವಾರ ಕ್ಯಾಂಪಿಗೆ ಹೊರಟೆನೆಂದು ಹೇಳಿ ಗೆಳೆಯನ ಮನೆಯಲ್ಲಿ ಉಳಿದ. ಭಾನುವಾರ ಸುನೀಲಕುಮಾರ ಮಾವಿನಹಣ್ಣಿನ ಪೆಟ್ಟಿಗೆ ಹಿಡಿದು ಲಿಫ್ಟಿನಿಂದ ಇಳಿದಾಗ, ಈರೇಶ ಮೆಟ್ಟಿಲ ಬಾಗಿಲ ಹಿಂದೆ ನಿಂತಿದ್ದ.

ಜ್ಯೋತ್ಸ್ನಾ ಅರ್ಧವಷ್ಟೇ ಬಾಗಿಲು ತೆರೆದಳು. "ಇನ್ನ ಬರಬ್ಯಾಡ್ರಿ ಅಂತ ಹೋದ ವಾರನೂ ಹೇಳೀನಿ. ನಿಮ್ಮ ಮಫ್ಲರ್ ತಗೊಂಡು ಹೋಗ್ರಿ."

"ತಿಂಗಳುಗಟ್ಟಲೆ ಹೊರಗಿರೋ ಗಂಡನಿಂದ ನಿಮಗ ಏನ್ ಸುಖ ಐತ್ರಿ?"

ಈರೇಶ ನುಗ್ಗಿ ಅವನ ಕಾಲರ್ ಹಿಡಿದ. ಪೆಟ್ಟಿಗೆ ಬಿದ್ದು ಹಣ್ಣು ಉರುಳಿದವು.

"ಕೈ ಬಿಡ್ರಿ. ಅವರು ಹೊಂಟಾರ," ಎಂದಳು ಜ್ಯೋತ್ಸ್ನಾ.

ಸುನೀಲಕುಮಾರ ಹೋದ ಮೇಲೆ ಗಂಡನತ್ತ ತಿರುಗಿದಳು. "ಕ್ಯಾಂಪಿಗೆ ಹೋದವರು ಇಲ್ಲ್ಯಾಕ ನಿಂತಿದ್ರಿ? ಕಾಯಾಕ ನಿಂತಿದ್ದು ಅವರನ್ನೋ, ನನ್ನನ್ನೋ?"

ಅವಳು ಬಾಗಿಲು ಹಾಕಿಕೊಂಡಳು. ಈರೇಶನನ್ನು ಒಳಗೆ ಕರೆಯುವಷ್ಟರಲ್ಲಿ ಕತ್ತಲಾಗಿತ್ತು.

ಸುನೀಲಕುಮಾರ ಮತ್ತೆ ಬರಲಿಲ್ಲ. ಈರೇಶ ಗಣಿ ಬಿಟ್ಟು ಮನೆಯಿಂದ ಓಡಾಡುವಷ್ಟು ದೂರದ ಬರ್ಲಿಂಗ್ಟನ್ನಿನ ವರ್ಕ್‌ಶಾಪೊಂದಕ್ಕೆ ಸೇರಿದ. ಈಗ ದಿನವೂ ಮನೆಯಲ್ಲೇ ಊಟ. ಆದರೂ ಜ್ಯೋತ್ಸ್ನಾಳ ಫೋನು ಸದ್ದು ಮಾಡಿದರೆ ಅವನ ಕೈಯ ತುತ್ತು ಅರೆಗಳಿಗೆ ನಿಲ್ಲುತ್ತದೆ. ಅವಳು ಅದನ್ನು ನೋಡುತ್ತಾಳೆ.