ಒಪ್ಪೊತ್ತಿನ ದಿನದ ಶುಗರ್

ಅಣ್ಣ ನಮ್ಮ ಮನೆಗೆ ಬಂದಿಳಿದಾಗ ಅವನ ಬಲಗೈಯಲ್ಲಿ ಮಣಿಕಟ್ಟಿನವರೆಗೂ ಸುಟ್ಟ ಗಾಯವಿತ್ತು. ಕುದಿಯುವ ಹುಳಿಯ ಪಾತ್ರೆಗೆ ಸೌಟು ಹಾಕಲು ಹೋಗಿ, ಅಂಚು ಎಲ್ಲಿದೆಯೆಂದು ಕಾಣದೆ, ಕೈಯನ್ನೇ ಅದ್ದಿಬಿಟ್ಟಿದ್ದ. ಹಳೇಬೀಡಿನಿಂದ ಮಾದಿಹಳ್ಳಿಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ದೇವಸ್ಥಾನದಲ್ಲಿ ಅವನು ಮೊದಲಿನಿಂದಲೂ ಅಡುಗೆಯವನು. ನೈವೇದ್ಯ, ವಿಶೇಷ ದಿನಗಳ ಸಂತರ್ಪಣೆ, ಎಲ್ಲ ಅವನ ಕೈಯದೇ. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಪೊರೆ ಪೂರ್ತಿ ಬಲಿತಿತ್ತು.

ಅರಸೀಕೆರೆಯ ಒಂದು ಕಣ್ಣಾಸ್ಪತ್ರೆಗೆ ತಿಂಗಳಿಗೊಂದು ಭಾನುವಾರ ಹೊರಗಿನಿಂದ ಸರ್ಜನ್ ಬರುತ್ತಾರೆ. ಅಣ್ಣ ಅಲ್ಲಿಗೆ ಒಮ್ಮೆ ಹೋಗಿ, ರಕ್ತ ಕೊಟ್ಟು, ಆಪರೇಷನ್ ಇಲ್ಲದೆ ವಾಪಸು ಬಂದಿದ್ದ. ಖಾಲಿ ಹೊಟ್ಟೆಯ ಶುಗರ್ ಇನ್ನೂರರ ಒಳಗೆ ಇಳಿದರೆ ಮಾತ್ರ ಕಣ್ಣಿಗೆ ಕೈ ಹಾಕುವುದಾಗಿ ಅವರು ಹೇಳಿದ್ದರು. ಬಹಳ ತಡ ಮಾಡುವಂತೆಯೂ ಇರಲಿಲ್ಲ. ಇತ್ತ ದೇವಸ್ಥಾನದವರು ಒಳ್ಳೆಯ ಮಾತಿನಲ್ಲೇ ಬೇರೊಬ್ಬರನ್ನು ಒಲೆಯ ಮುಂದೆ ನಿಲ್ಲಿಸಿದ್ದರು. ಕಣ್ಣು ಬಂದರೆ ಸೌಟು ಇವನದು, ಬಾರದಿದ್ದರೆ ಆ ಹೊಸಬರದು. ಅತ್ತಿಗೆ ಮಗಳ ಬಾಣಂತನಕ್ಕೆ ತುಮಕೂರಿಗೆ ಹೊರಟಿದ್ದರು. ಹೋಗುವ ಮುಂಚೆ ಬೇಲೂರಿಗೆ ಬಂದು ಅಣ್ಣನನ್ನು ನನಗೆ ಒಪ್ಪಿಸಿದರು. “ನನ್ನ ಮಾತು ಕೇಳಲ್ಲ ಕಣಮ್ಮ. ನಿನಗಾದರೆ ಹೆದರ್ತಾರೆ,” ಎಂದರು.

ನನಗೆ ಎಷ್ಟು ಉತ್ಸಾಹ ಬಂತೆಂದರೆ ಆವತ್ತು ಕಾಫಿ ಕುಡಿಯುವುದನ್ನೇ ಮರೆತೆ! ಹತ್ತನೆಯ ವರ್ಷದಿಂದ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು ನಾನು. ಆಮೇಲೆ ನಿವೃತ್ತಿಯವರೆಗೆ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟೆ. ಮದುವೆಯ ಗೋಜಿಗೆ ಹೋಗಲಿಲ್ಲ. ನನ್ನ ಮನೆಯಲ್ಲಿ ಚಪ್ಪಲಿ ಬಿಡುವುದಕ್ಕೂ ಒಂದು ಗೆರೆ ಇದೆ. ಅಂಥವಳ ಕೈಗೆ ಒಬ್ಬ ಮನುಷ್ಯನನ್ನೇ ಕೊಟ್ಟು, ಸರಿಮಾಡು ಎಂದರೆ ಕೇಳಬೇಕೇ? ಒಂದು ಡ್ರಾಯಿಂಗ್ ಹಾಳೆಗೆ ಸ್ಕೇಲ್ ಹಿಡಿದು ಗೆರೆ ಎಳೆದು ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಏಳಕ್ಕೆ ಆಸನ, ಎಂಟಕ್ಕೆ ತಿಂಡಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಬೆರಳು ಚುಚ್ಚಿ ಶುಗರ್ ನೋಡುವುದು.

ಅಣ್ಣ ಹಾಳೆಯ ಹತ್ತಿರ ಮೂಗು ಒಯ್ದು ನೋಡಿ, “ಇದರಲ್ಲಿ ಉಸಿರಾಡೋದು ಎಷ್ಟು ಗಂಟೆಗೆ ಅಂತ ಬರೆದಿಲ್ವಲ್ಲೇ,” ಎಂದ.

ಏಳುವುದು ಅವನಿಗೆ ಕಷ್ಟವಾಗಲಿಲ್ಲ. ದೇವಸ್ಥಾನದ ಒಲೆ ಹಚ್ಚುವವನು ನನಗಿಂತ ಮುಂಚೆಯೇ ಏಳುತ್ತಿದ್ದ. ಕಷ್ಟವಾದದ್ದು ನಡಿಗೆ.

“ಎಲ್ಲಿಗೆ?” ಎಂದ ಮೊದಲನೆಯ ದಿನ.

“ಯಗಚಿ ಸೇತುವೆಗೆ.”

“ಅಲ್ಲೇನಿದೆ?”

“ಏನೂ ಇಲ್ಲ. ಮುಟ್ಟಿ ವಾಪಸು ಬರೋದು.”

“ಏನೂ ಇಲ್ಲದ ಕಡೆ ಹೋಗಿ ಬರೋಕೆ ನನಗೇನು ಹುಚ್ಚೇನೇ?”

ಆದರೂ ಬಂದ. ನನ್ನ ಭುಜದ ಮೇಲೆ ಕೈಯಿಟ್ಟು ಬಂದ. ನಾನು ಮುಂದೆ, ಅವನು ಹಿಂದೆ. ಬಸ್ ನಿಲ್ದಾಣದ ಬಳಿ ಎಳನೀರು ಮಾರುವವನು ನಮ್ಮನ್ನು ನೋಡಿ ಮಚ್ಚು ಕೆಳಗಿಟ್ಟು ನಕ್ಕ. “ಏನ್ ಮೇಡಮ್ಮೋರೇ, ಅಯ್ನೋರ್ನ ಯಾವ್ ಸ್ಟೇಷನ್‌ಗೆ ಕರ್ಕಂಡ್ ಹೋಯ್ತಾ ಇದ್ದೀರಾ?”

“ಜಾಮೀನು ಸಿಕ್ಕಿಲ್ಲ ಕಣಪ್ಪಾ,” ಎಂದ ಅಣ್ಣ.

“ಒಂದ್ ಎಳ್ನೀರಾದ್ರೂ ಕುಡ್ಕಂಡ್ ಹೋಗಿ ಸಾಮಿ. ಗಂಜಿ ಬಂದೈತೆ, ಸಕ್ರೆ ಇದ್ದಂಗೈತೆ.”

‘ಸಕ್ರೆ’ ಎಂದದ್ದೇ ತಡ, ನಾನು ಅಣ್ಣನನ್ನು ಎಳೆದುಕೊಂಡು ಹೊರಟೆ.

ಊಟದ ವಿಷಯದಲ್ಲಿ ಅವನಿಗೆ ಅಡುಗೆಯವನ ಹಟವಿತ್ತು. ಅನ್ನ ಕಡಿಮೆ ಮಾಡಿ ರಾಗಿ ಮುದ್ದೆ, ಸೊಪ್ಪಿನ ಸಾರು, ಕೋಸಂಬರಿ ಕೊಟ್ಟೆ. ನಮ್ಮ ಮನೆತನದಲ್ಲಿ ಮುದ್ದೆಯ ರೂಢಿ ಇರಲಿಲ್ಲ. ನುಂಗಲು ಬಾರದೆ ಅಣ್ಣ ಅದನ್ನು ಅಗಿಯುತ್ತಾ ಕುಳಿತ. ಎರಡನೆಯ ವಾರಕ್ಕೆ ತಾನೇ ಹಿಟ್ಟಿನ ಕೋಲು ತೆಗೆದುಕೊಂಡು, “ನೀನು ತೊಳಸೋದು ನೋಡಿದ್ರೆ ಮಕ್ಕಳಿಗೆ ಲೆಫ್ಟ್ ರೈಟ್ ಹೇಳ್ಕೊಟ್ಟ ಹಾಗಿದೆ. ಬಿಡಿಲ್ಲಿ,” ಎಂದು ಮುದ್ದೆ ತೊಳಸಿದ. ಕಣ್ಣು ಕಾಣದವನ ಕೈಯಲ್ಲಿ ಒಂದೇ ಒಂದು ಗಂಟೂ ಇಲ್ಲದ ಮುದ್ದೆ! ಆವತ್ತು ನಾನೂ ಎರಡು ತಿಂದೆ.

ಶುಗರ್ ಇಳಿಯಿತು. ಒಂದು ಸೋಮವಾರ ನೂರ ಎಂಬತ್ತು, ಮುಂದಿನ ಬುಧವಾರ ನೂರ ಐವತ್ತು, ಶುಕ್ರವಾರ ನೂರ ಮೂವತ್ತು. ಪ್ರತಿ ಸಂಖ್ಯೆಯನ್ನೂ ಇನ್ನೊಂದು ಹಾಳೆಯಲ್ಲಿ, ಆಯಾ ವಾರದ ಕೆಳಗೆ, ಹಸಿರು ಪೆನ್ನಿನಲ್ಲಿ ಬರೆದೆ. ಆಸ್ಪತ್ರೆಗೆ ಹೋಗುವ ವಾರದ ಶುಕ್ರವಾರ ನೂರ ಹದಿನೆಂಟು ಬಂದಾಗ ಅಣ್ಣನನ್ನು ಕುರ್ಚಿಯಿಂದ ಎಬ್ಬಿಸಿ ಕೈ ಕುಲುಕಿದೆ.

ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋದೆವು. ನರ್ಸ್ ಬೆರಳು ಚುಚ್ಚಿದರು. ಇನ್ನೂರ ಅರವತ್ತೆಂಟು.

“ಇನ್ನೊಂದ್ಸಲ ನೋಡಿ ಸಿಸ್ಟರ್,” ಎಂದೆ. ನೋಡಿದರು. ಇನ್ನೂರ ಎಪ್ಪತ್ತು.

ನಾನು ಹಸಿರು ಪೆನ್ನಿನ ಹಾಳೆ ತೆಗೆದು ತೋರಿಸಿದೆ. ಆಕೆ ನೋಡಿ, “ಮನೆ ಮಿಷನ್ ಕೆಟ್ಟಿರಬಹುದು ಮೇಡಂ,” ಎಂದರು. ಸರ್ಜನ್ ಕೂಡ ತಲೆಯಾಡಿಸಿದರು. “ಮುಂದಿನ ತಿಂಗಳು ಬನ್ನಿ. ಆದರೆ ಇನ್ನು ಮುಂದಕ್ಕೆ ಹಾಕೋ ಹಾಗಿಲ್ಲ. ಪೊರೆ ಗಟ್ಟಿಯಾಗ್ತಾ ಇದೆ.”

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಸುಟ್ಟ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕುಳಿತಿದ್ದ. ಆಮೇಲೆ ಮೆಲ್ಲಗೆ, “ಹೋಗ್ಲಿ ಬಿಡೇ. ಆ ಹೊಸಬ ಪುಳಿಯೋಗರೆ ಚೆನ್ನಾಗಿ ಮಾಡ್ತಾನಂತೆ,” ಎಂದ.

ಆ ಮಾತು ನನ್ನನ್ನು ಕುಟುಕಿತು. ಹಾಳೆಯನ್ನು ಮತ್ತೆ ಬಿಡಿಸಿದೆ. ಮಿಷನ್ ಕೆಟ್ಟಿದ್ದರೆ ಸಂಖ್ಯೆ ಹೀಗೆ ಹೆಜ್ಜೆ ಹೆಜ್ಜೆಗೆ ಇಳಿಯುತ್ತಿತ್ತೇ? ಶುಕ್ರವಾರ ನೂರ ಹದಿನೆಂಟು, ಭಾನುವಾರ ಇನ್ನೂರ ಅರವತ್ತೆಂಟು. ಹೋದ ಸಲ ಅವನು ವಾಪಸು ಬಂದದ್ದೂ ಭಾನುವಾರವೇ. ಜಾವಗಲ್ ನಿಲ್ದಾಣದಲ್ಲಿ ಬಸ್ಸು ನಿಂತು ಜನ ಹತ್ತಿಳಿಯುತ್ತಿದ್ದಾಗ ಹಾಳೆಯ ಒಂದೇ ಅಂಕಣದ ಮೇಲೆ ನನ್ನ ಕಣ್ಣು ನಿಂತಿತು. ಶನಿವಾರ! ಅಲ್ಲಿ ಸಂಖ್ಯೆಯೇ ಇಲ್ಲ. ನನ್ನದೇ ಕೈಬರಹದಲ್ಲಿ ‘ಒಪ್ಪೊತ್ತು’ ಎಂದು ಬರೆದು, ಬಹಳ ಒಳ್ಳೆಯದೆಂದು ಎರಡೆರಡು ಸಲ ರೈಟ್ ಗುರುತು ಹಾಕಿದ್ದೆ.

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಶನಿವಾರ ಒಪ್ಪೊತ್ತು. ಮಧ್ಯಾಹ್ನ ಒಂದೇ ಊಟ. ರಾತ್ರಿ ಅನ್ನ ಮುಟ್ಟುವುದಿಲ್ಲ, ಫಲಾಹಾರ. ಹೊಟ್ಟೆಗೆ ವಾರಕ್ಕೊಮ್ಮೆ ವಿಶ್ರಾಂತಿ ಎಂದು ನಾನು ಮಕ್ಕಳಿಗೂ ಪಾಠ ಹೇಳಿದ್ದೇನೆ. ಆ ವಿಶ್ರಾಂತಿ ಏನು ಎಂದು ಈಗ ಬಸ್ಸಿನಲ್ಲಿ ಬೆರಳು ಮಡಿಸಿ ಎಣಿಸಿದೆ. ಬೆಲ್ಲ, ಕಾಯಿ ಹಾಕಿ ಕಲಸಿದ ಅವಲಕ್ಕಿ, ಅಣ್ಣನಿಗೆ ದೊಡ್ಡ ಬಟ್ಟಲಿನಲ್ಲಿ. ಮೂರು ಬಾಳೆಹಣ್ಣು. ಸಬ್ಬಕ್ಕಿ ಪಾಯಸ. ಮಲಗುವ ಮುಂಚೆ, ಪಾಪ ಹಸಿದಿರುತ್ತಾನೆಂದು, ಒಂದು ಲೋಟ ಸಿಹಿ ಹಾಲು. ವಾರವೆಲ್ಲ ಮುದ್ದೆ ಸೊಪ್ಪು ಎಂದು ಕಾವಲು ಕಾದವಳು, ಉಪವಾಸದ ಹೆಸರಿನಲ್ಲಿ ನಾನೇ ಬಡಿಸಿದ್ದು! ಇನ್ನೂ ಒಂದಿತ್ತು. ರಾತ್ರಿ ಊಟವಿಲ್ಲದ ದಿನ ಊಟದ ಜೊತೆಗಿನ ಶುಗರ್ ಮಾತ್ರೆ ಬೇಡವೆಂದು ಅಣ್ಣ ಶನಿವಾರದ ಮಾತ್ರೆ ಬಿಡುತ್ತಿದ್ದ. ನಾನೂ ಅದು ಸರಿಯೆಂದೇ ತಿಳಿದಿದ್ದೆ.

“ಅಣ್ಣಾ, ಸಿಕ್ತು!” ಎಂದು ಕೂಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಏನೇ ಸಿಕ್ತು? ಟಿಕೆಟ್ಟೇ?”

“ಕಳ್ಳ! ಶನಿವಾರದ ಅವಲಕ್ಕಿ!”

ಅಣ್ಣ ಎಲ್ಲ ಕೇಳಿಸಿಕೊಂಡು, “ಅವಲಕ್ಕಿ ಕಳ್ಳ ಅಂದ್ರೆ, ಬಡಿಸಿದೋಳು ಯಾರು?” ಎಂದ. ಬೆಳಗಿನಿಂದ ಅವನು ನಕ್ಕದ್ದು ಆಗಲೇ. ನಾನು ತಪ್ಪೊಪ್ಪಿಕೊಂಡೆ. ಟೀಚರಿಗೆ ಇದು ಸುಲಭದ ಕೆಲಸವಲ್ಲ.

ಅನುಮಾನ ಸಾಲದು, ಸಂಖ್ಯೆ ಬೇಕಿತ್ತು. ಮುಂದಿನ ಶನಿವಾರ ಎಲ್ಲ ಹಿಂದಿನಂತೆಯೇ ಆಗಲಿ, ರಾತ್ರಿ ಎಂಟಕ್ಕೆ ಬೆರಳು ಚುಚ್ಚೋಣ ಎಂದುಕೊಂಡೆ. ಆದರೆ ಸೂಜಿ ಕೈಯಲ್ಲಿ ಹಿಡಿದಾಗ ನನಗೇ ಕೈ ಬರಲಿಲ್ಲ. ಒಪ್ಪೊತ್ತಿನ ದಿನ ಉಗುರು ತೆಗೆಯಬಾರದು, ಕ್ಷೌರ ಕೂಡದು, ಮೈಯಿಂದ ರಕ್ತ ಬೀಳಬಾರದು. ಇದು ಅಮ್ಮ ಹೇಳುತ್ತಿದ್ದ ಕಟ್ಟಳೆ. ವೇಳಾಪಟ್ಟಿ ಬರೆಯುವಾಗ ಶನಿವಾರಕ್ಕೆ ಪರೀಕ್ಷೆ ಹಾಕದೆ ಬಿಟ್ಟದ್ದು ಅದೇ ಕಾರಣಕ್ಕೆ. ಹುಟ್ಟಿದಾಗಿನಿಂದ ಒಂದು ಕಟ್ಟಳೆಯನ್ನೂ ಮುರಿದವಳಲ್ಲ ನಾನು.

“ನಾಳೆ ಬೆಳಗ್ಗೆ ನೋಡಿದರಾಯ್ತು ಬಿಡು,” ಎಂದೆ.

“ಯಾಕೆ, ಅಮ್ಮನಿಗೆ ಹೆದರಿದ್ಯಾ?” ಎಂದ ಅಣ್ಣ. “ನಿನಗೆ ಆರೋ ಏಳೋ ವರ್ಷ. ಹಿತ್ತಲಲ್ಲಿ ಜಾಲಿ ಮುಳ್ಳು ತುಳಿದು ಬಾಯಿ ಬಡ್ಕೊಂಡೆ. ಆವತ್ತು ಶನಿವಾರ. ಅಮ್ಮ ಪಿನ್ನು ತಗೊಂಡು ಮುಳ್ಳು ಕೀಳಲಿಲ್ವೇ? ರಕ್ತ ಬರಲಿಲ್ವೇ? ಭಾನುವಾರದವರೆಗೂ ಕುಂಟಿಕೊಂಡಿರು ಅಂದಳೇ?”

ನಾನು ಸೂಜಿಯನ್ನು ಕೈಯಲ್ಲೇ ತಿರುಗಿಸುತ್ತಾ ನಿಂತೆ.

“ಇದೂ ಮುಳ್ಳೇ. ಚುಚ್ಚೇ,” ಎಂದು ಬೆರಳು ಮುಂದೆ ಚಾಚಿದ. ದಿನವೂ ದೇವರಿಗೆ ಅಡುಗೆ ಮಾಡಿ ಬಡಿಸಿದವನು ಅವನು. ಅವನಿಗಿಲ್ಲದ ಅಂಜಿಕೆ ನನಗೇಕೆ? ಚುಚ್ಚಿದೆ.

ಮುನ್ನೂರ ಹನ್ನೆರಡು!

ಇಬ್ಬರೂ ಮಿಷನ್ ಹಿಡಿದುಕೊಂಡು ಮಕ್ಕಳ ಹಾಗೆ ಕುಣಿದೆವು. ಅಷ್ಟು ಕೆಟ್ಟ ಸಂಖ್ಯೆಗೆ ಅಷ್ಟು ಸಂತೋಷಪಟ್ಟವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ಸೋಮವಾರ ಬೇಲೂರಿನ ನಮ್ಮ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದೆವು. ಅವರು ಹಣೆ ಚಚ್ಚಿಕೊಂಡರು. “ಮಾತ್ರೆ ನೀವಾಗೇ ಬಿಡೋದಾ? ಮೊದಲೇ ಕೇಳಬಾರದಿತ್ತೇ?” ಎಂದು ಚೆನ್ನಾಗಿ ಬೈದು, ಶನಿವಾರ ರಾತ್ರಿ ಅನ್ನ ಬೇಡವಾದರೆ ಬೇಡ, ಆದರೆ ಏನು ಎಷ್ಟು ತಿನ್ನಬೇಕು, ಮಾತ್ರೆ ಯಾವಾಗ ಎಂದು ಬರೆದುಕೊಟ್ಟರು. ನಾನು ಹಳೆಯ ವೇಳಾಪಟ್ಟಿ ಕಿತ್ತು ಹೊಸದು ಬರೆದೆ. ಶನಿವಾರ ರಾತ್ರಿ ಹೆಸರುಬೇಳೆ ಸೌತೆಕಾಯಿ ಕೋಸಂಬರಿ, ಒಂದು ರಾಗಿ ರೊಟ್ಟಿ, ಮಜ್ಜಿಗೆ. ಶನಿವಾರ ರಾತ್ರಿ, ಭಾನುವಾರ ಬೆಳಗ್ಗೆ ಪರೀಕ್ಷೆ.

ಮೊದಲ ಶನಿವಾರ ಅಣ್ಣ ಕೋಸಂಬರಿಯ ಮುಂದೆ ಕುಳಿತು, “ಈಗ ನಿಜವಾಗ್ಲೂ ಉಪವಾಸ ಅನ್ನಿಸ್ತಾ ಇದೆ ಕಣೇ,” ಎಂದು ನಿಟ್ಟುಸಿರು ಬಿಟ್ಟ. ಭಾನುವಾರ ಬೆಳಗ್ಗೆ ನೂರ ಐವತ್ತೆರಡು. ಮುಂದಿನ ಭಾನುವಾರ ನೂರ ಇಪ್ಪತ್ತೊಂಬತ್ತು. ಈಗ ಸೇತುವೆಯವರೆಗಿನ ನಡಿಗೆ ಅವನಿಗೆ ಸಾಲದೆ, ಇನ್ನೂ ಸ್ವಲ್ಪ ದೂರ ಹೋಗೋಣವೆಂದು ಅವನೇ ನನ್ನನ್ನು ತಳ್ಳುತ್ತಿದ್ದ. ಭುಜದ ಮೇಲಿನ ಕೈ ಮೊದಲಿನಷ್ಟು ಭಾರವಿರಲಿಲ್ಲ.

ಅರಸೀಕೆರೆಯಲ್ಲಿ ಅದೇ ನರ್ಸ್. ಬೆರಳು ಚುಚ್ಚುವ ಮುಂಚೆ ನಾನು ಗೋಡೆಯ ಕಡೆ ತಿರುಗಿ ನಿಂತೆ. ಮುನ್ನೂರು ಮಕ್ಕಳ ಸ್ಪೋರ್ಟ್ಸ್ ಡೇ ನಡೆಸಿದವಳು ಗೋಡೆಯ ಕ್ಯಾಲೆಂಡರಿನ ಭಾನುವಾರಗಳನ್ನು ಎಣಿಸಿದೆ. ಸಂಖ್ಯೆ ಅವರು ಹೇಳಲಿಲ್ಲ, “ಮೇಡಂ, ನೀವೇ ನೋಡಿ,” ಎಂದರು. ನೂರ ಇಪ್ಪತ್ತನಾಲ್ಕು!

“ಪಾಸಾ ಫೇಲಾ ಹೇಳೇ,” ಎಂದ ಅಣ್ಣ.

“ಫಸ್ಟ್ ಕ್ಲಾಸು!”

ಅರ್ಧ ಗಂಟೆಯೊಳಗೆ ಹಸಿರು ಬಟ್ಟೆ ತೊಡಿಸಿ ಬಲಗಣ್ಣಿನ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು.

ಒಂದು ತಿಂಗಳು ಒಲೆಯ ಹತ್ತಿರ ಸುಳಿಯಬಾರದೆಂದು ಸರ್ಜನ್ ಹೇಳಿದ್ದನ್ನು ದಿನ ಎಣಿಸಿ ನಡೆಸಿಕೊಟ್ಟೆ. ಆಮೇಲೆ ಅವನು ದೇವಸ್ಥಾನದ ಕೆಲಸಕ್ಕೆ ಮರಳಿದ. ಹೊಸಬರು ಈಗ ಅವನಿಗೆ ಸಹಾಯಕ್ಕಿದ್ದಾರೆ. ಮೊದಲ ವಾರವೇ ನಾನು ತಪಾಸಣೆಗೆ ಹೋದೆ. ಮಿಷನ್ ಚೀಲದಲ್ಲಿತ್ತು.

ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಿದ್ದ. ನನ್ನನ್ನು ನೋಡಿ ತಲೆಯೆತ್ತಲಿಲ್ಲ. ಬೇಳೆಯ ನಡುವಿನಿಂದ ಏನನ್ನೋ ಉಗುರಿನಲ್ಲಿ ಹೆಕ್ಕಿ, “ಕೈ ತಾ,” ಎಂದು ನನ್ನ ಅಂಗೈಗೆ ಹಾಕಿದ.

“ಏನಿದೆ ಹೇಳು ನೋಡೋಣ.”

“ಏನೂ ಇಲ್ಲವಲ್ಲೋ.”

“ಕನ್ನಡಕ ಹಾಕ್ಕೊಳ್ಳೇ ಮೇಡಮ್ಮಾ!”

ಹಾಕಿಕೊಂಡೆ. ಅಂಗೈಯನ್ನು ಬೆಳಕಿಗೆ ಒಡ್ಡಿದೆ. ಬೇಳೆಯದೇ ಬಣ್ಣದ, ಸಾಸಿವೆಗಿಂತಲೂ ಸಣ್ಣ ಕಲ್ಲು.