ಸೊಸೆಯ ಕಣ್ಣಿನ ಕೆಳಗಿನ ಕಪ್ಪು

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ನನ್ನ ಸೊಸೆಗೆ ವಿಟಮಿನ್ ಮಾತ್ರೆ ತಂದುಕೊಡಲು ಶುರುಮಾಡಿದೆ. ಅವಳ ಕಣ್ಣುಗಳ ಕೆಳಗೆ ಕಪ್ಪು ಕಟ್ಟಿತ್ತು. ಅದು ಹೋಗಬೇಕೆಂದು ನನಗೆ ಬಹಳ ಆಸೆ ಇತ್ತು. ಬೀದಿಯ ಜನ ನನ್ನನ್ನು ಒಳ್ಳೆಯ ಮಾವ ಎಂದರು, ನಾನು ಇಲ್ಲವೆನ್ನಲಿಲ್ಲ. ಆದರೆ ಆ ಕಪ್ಪು ಯಾಕೆ ಬಂತೆಂದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೇ ಮಾತ್ರೆ ತಂದೆ.

ನಮ್ಮ ಮನೆ ಮತ್ತಿಗಿರಿಯಲ್ಲಿದೆ. ಮಗನಿಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ. ಸೊಸೆ ಇನ್ನೊಂದು ಕಂಪನಿಯಲ್ಲಿ ಬೆಳಗಿನ ಶಿಫ್ಟಿಗೆ ಹೋಗುತ್ತಾಳೆ. ಪೂರ್ತಿ ಬೆಳಕಾಗುವ ಮೊದಲೇ ಕಂಪನಿ ಬಸ್ಸು ಮೂಲೆಗೆ ಬಂದು ನಿಲ್ಲುತ್ತದೆ. ನನ್ನ ಹೆಂಡತಿಗೆ ಮೂರ್ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ. ಹಗಲೆಲ್ಲ ಬೆಳ್ಳುಳ್ಳಿ ಬಿಡಿಸಿಕೊಂಡು ತಣ್ಣಗೆ ಕೂತಿರುತ್ತಾಳೆ. ಕತ್ತಲಾದ ಮೇಲೆ ಎದ್ದು ಓಡಾಡಲು ಶುರುಮಾಡುತ್ತಾಳೆ. ಕಾಯಿಲೆ ಹೆಚ್ಚಿದಾಗ ಸೊಸೆ ಯಾರೂ ಹೇಳದೆ ತನ್ನ ಚಾಪೆಯನ್ನು ಅತ್ತೆಯ ಕೋಣೆಗೆ ಸಾಗಿಸಿಕೊಂಡಳು. ನಾನು ಹೊರಗಿನ ಹಾಲ್‌ನಲ್ಲಿ ಮಂಚದ ಮೇಲೆ ಮಲಗುತ್ತಿದ್ದೆ.

ಮೊದಲು ಬಾಯಿಬಿಟ್ಟು ಹೇಳಿದವಳು ಎದುರು ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರುವ ಹೆಂಗಸು.

"ಏನ್ ತಾತಾ, ನಿಮ್ ಸೊಸೆ ಕಾಡಿಗೇನ ಕಣ್ಣೊಳಕ್ಕೆ ಹಚ್ಚೋದ್ ಬಿಟ್ಟು ಕೆಳಕ್ಕೆ ಹಚ್ಕತಾಳಾ? ಮನೇಲಿ ಊಟ ಗೀಟ ಹಾಕ್ತೀರೋ ಇಲ್ವೋ?"

ಅವಳು ನಗುತ್ತಲೇ ಅಂದದ್ದು. ನನಗೆ ಮುಖಕ್ಕೆ ಹೊಡೆದಂತಾಯಿತು. ಅಂದು ಸಾಯಂಕಾಲವೇ ಮುಖ್ಯ ರಸ್ತೆಯ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವನು ತಮಿಳಿನವನು, ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ.

"ಕಣ್ ಕೆಳ್ಗೆ ಕಪ್ಪಾ? ಡಾಕ್ಟರ್ ಚೀಟಿ ಇದ್ಯಾ ತಾತಾ?"

"ಇಲ್ಲಪ್ಪ."

"ಪರ್ವಾಗಿಲ್ಲ ಬಿಡಿ, ಬರೀ ವಿಟಮಿನ್ನು. ಏನೂ ಮಾಡಲ್ಲ."

"ಏನೂ ಮಾಡ್ದಿದ್ರೆ ಯಾಕಯ್ಯಾ ಮಾರ್ತೀಯ?"

"ಅಯ್ಯೋ, ಕೆಟ್ಟದ್ ಏನೂ ಮಾಡಲ್ಲ ಅಂದೆ!"

ಕಿತ್ತಳೆ ಬಣ್ಣದ ಮಾತ್ರೆಗಳ ಒಂದು ಡಬ್ಬಿ ಕೊಟ್ಟ. ಸೊಸೆ ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡಳು. "ಯಾಕ್ ಮಾವ ಇದೆಲ್ಲ, ಬಿಸಿಲಿಗೆ ಹಂಗಾಗ್ಯದೆ ಅಷ್ಟೇಯ" ಎಂದಳು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಅವಳು ನುಂಗಿದಳು.

ಹತ್ತನೇ ತರಗತಿ ಮುಗಿಸಿ ನಾನು ಸೇರಿದ್ದು ಕೃಷ್ಣಗಿರಿಯ ಮಾವಿನ ಮಂಡಿಗೆ. ಬಹಳ ವರ್ಷ ಹಣ್ಣು ಆರಿಸುವ ಕೆಲಸ ಮಾಡಿದೆ. ಸಿಪ್ಪೆಯ ಮೇಲೆ ಎಲ್ಲಿ ಕಪ್ಪು ಕಂಡರೂ ಕೈ ತಾನಾಗಿಯೇ ಹಣ್ಣನ್ನು ಪಕ್ಕದ ಬುಟ್ಟಿಗೆ ಹಾಕಿಬಿಡುತ್ತಿತ್ತು. ಒಳಗೆ ಹೇಗಿದೆ ಎಂದು ನೋಡುವುದು ನಮ್ಮ ಕೆಲಸವಾಗಿರಲಿಲ್ಲ. ಅದೇ ಕಣ್ಣಿನಲ್ಲಿ ದಿನವೂ ಬೆಳಿಗ್ಗೆ ಸೊಸೆಯ ಮುಖ ನೋಡತೊಡಗಿದೆ. ಅವಳು ಕಾಫಿ ತಂದಿಟ್ಟಾಗ ಟ್ಯೂಬ್‌ಲೈಟಿನ ಬೆಳಕು ಅವಳ ಮುಖಕ್ಕೆ ಬೀಳುತ್ತಿತ್ತು. ಇವತ್ತು ಸ್ವಲ್ಪ ತಿಳಿಯಾಗಿದೆ ಎಂದುಕೊಳ್ಳುತ್ತಿದ್ದೆ. ಮಾರನೆಯ ದಿನ ಇನ್ನೂ ದಟ್ಟವಾಗಿರುತ್ತಿತ್ತು.

ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಒಬ್ಬಾಕೆ ಬೇರೊಂದು ವಿಟಮಿನ್ ಕಡಿಮೆಯಾದರೆ ಹೀಗಾಗುತ್ತದೆ ಎಂದು ಹೇಳುತ್ತಿದ್ದಳು. ಅದನ್ನೂ ತಂದೆ. ಹಿಟ್ಟು ಮಾರುವವಳು ರಕ್ತ ಕಮ್ಮಿ ಇರಬೇಕು ಅಂದಳು, ಕಬ್ಬಿಣದ ಮಾತ್ರೆಯನ್ನೂ ತಂದೆ. ಮೂರನ್ನೂ ಬೆಳಿಗ್ಗೆ ಬಸ್ಸಿಗೆ ಮೊದಲೇ ನುಂಗಿಸುತ್ತಿದ್ದೆ, ಅದೂ ಖಾಲಿ ಹೊಟ್ಟೆಗೆ. ಮಗ ತಮಾಷೆ ಮಾಡಿದ: "ನನ್ಗೂ ಒಂದ್ ಕೊಡಪ್ಪಾ, ನಾನೂ ಬೆಳ್ಳಗಾಗ್ಬುಡ್ತೀನಿ." ಸೊಸೆ ನಕ್ಕಳು. ಹೊಟ್ಟೆಯಲ್ಲಿ ಉರಿ, ಬಸ್ಸಿನಲ್ಲಿ ವಾಕರಿಕೆ ಬರುತ್ತದೆ ಎಂದು ಅವಳು ನನಗೆ ಒಂದು ದಿನವೂ ಹೇಳಲಿಲ್ಲ. "ಮಗ್ಳಂಗೆ ನೋಡ್ಕತಾನೆ ಸೊಸೇನ" ಎಂದು ಬೀದಿಯಲ್ಲಿ ಮಾತಾಯಿತು.

ರಾತ್ರಿ ಏನು ನಡೆಯುತ್ತಿತ್ತೆಂದು ಈಗ ಹೇಳಬೇಕು.

ಎಲ್ಲರೂ ಮಲಗಿದ ಮೇಲೆ ಒಳಗಿನ ಕೋಣೆಯಲ್ಲಿ ಕಾಲುಂಗುರದ ಸದ್ದಾಗುತ್ತಿತ್ತು. ಹೆಂಡತಿ ಎದ್ದು ಕಪಾಟಿನಿಂದ ನನ್ನ ಒಗೆದ ಪಂಚೆಯೊಂದನ್ನು ತೆಗೆದು ಸುತ್ತಿ, ಎದೆಗವಚಿಕೊಂಡು ಹಿಂದಿನ ಬಾಗಿಲವರೆಗೂ ನಡೆಯುತ್ತಿದ್ದಳು. ಮತ್ತೆ ವಾಪಸು. ನಾನು ಕೇಳಿಸಿಕೊಳ್ಳುತ್ತಿದ್ದೆ.

"ಬಸ್ ಬಂತಾ? ಮಗೀನ್ ಮೈ ಸುಡ್ತಾ ಅದೆ."

"ಬತ್ತದೆ ಅತ್ತೆ, ಈಗ ಬತ್ತದೆ."

"ಹಾಲ್ ಕುಡೀತಿಲ್ಲ ಕಣೇ. ನೋಡು, ಕಣ್ಗುಡ್ಡೆ ಮೇಲಕ್ ಹೋಯ್ತಾ ಅದೆ."

"ಇಲ್ ಕೊಡಿ ಅತ್ತೆ, ಚೂರು ನಾನ್ ಎತ್ಕಂತೀನಿ. ನೀವ್ ಕೂತ್ಕಳಿ."

ಸೊಸೆ ಆ ಪಂಚೆಯ ಗಂಟನ್ನು ತೋಳಿನಲ್ಲಿಟ್ಟುಕೊಂಡು ತಟ್ಟುತ್ತ ಓಡಾಡುತ್ತಿದ್ದಳು. ಗಂಟೆಗಟ್ಟಲೆ. ಒಮ್ಮೊಮ್ಮೆ ಬಸ್ಸಿನ ಹೊತ್ತಾಗುವವರೆಗೂ. ನಾನು ಗೋಡೆಯ ಆಚೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ನಿದ್ದೆಯಲ್ಲಿರುವವನ ಹಾಗೆ ಉಸಿರು ಬಿಡುತ್ತ ಮಲಗಿರುತ್ತಿದ್ದೆ. ಬೆಳಿಗ್ಗೆ ಕುರ್ಚಿಯ ಮೇಲೆ ಆ ಪಂಚೆ ಮುದುಡಿ ಬಿದ್ದಿರುತ್ತಿತ್ತು. ಅದನ್ನು ಮಡಿಸಿ ಒಳಗಿಡುವ ಧೈರ್ಯವೂ ನನಗಿರಲಿಲ್ಲ, ಅದನ್ನೂ ಸೊಸೆಯೇ ಮಾಡುತ್ತಿದ್ದಳು.

ಅದು ನಮ್ಮ ಮೊದಲ ಮಗು, ಹೆಣ್ಣು. ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ. ಆಗ ನಾವು ಅಂಚೆಟ್ಟಿಯ ಕಡೆ ಕಾಡಂಚಿನ ಒಂದು ಹಳ್ಳಿಯಲ್ಲಿದ್ದೆವು. ನಲವತ್ತು ವರ್ಷದ ಮೇಲಾಯಿತು. ಒಂದು ಸಾಯಂಕಾಲ ಮಗುವಿಗೆ ಜ್ವರ ಏರಿತು. ಕೊನೆಯ ಬಸ್ಸು ಹೋಗಿಯಾಗಿತ್ತು, ಇನ್ನೊಂದು ಬರುವುದು ಬೆಳಿಗ್ಗೆ. ಹಳ್ಳದ ಆಚೆಯ ಊರಿನಲ್ಲಿ ನನ್ನ ಹೆಂಡತಿಯ ಅಣ್ಣನಿದ್ದ. ಅವನ ಹತ್ತಿರ ಒಂದು ಜೀಪು ಇತ್ತು.

"ಹೋಗಿ ನಮ್ಮಣ್ಣನ್ನ ಕೇಳಿ" ಎಂದಳು ಹೆಂಡತಿ.

ನಾನು ಹೋಗಲಿಲ್ಲ. ಅದಕ್ಕೂ ಕೆಲವು ತಿಂಗಳ ಹಿಂದೆ ಅವನು ಹತ್ತು ಜನರ ಮುಂದೆ, "ನಮ್ ಬಾವ ಹತ್ತನೇ ಕ್ಲಾಸ್ ಓದ್ಕಂಡು ಮಾವಿನಣ್ಣು ಒರೆಸ್ತಾನೆ" ಎಂದಿದ್ದ. ಅವನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನು ಶಪಥ ಮಾಡಿದ್ದೆ. ಮಕ್ಕಳಿಗೆ ಜ್ವರ ಬರುವುದು ಇದ್ದದ್ದೇ, ಬೆಳಿಗ್ಗೆ ಬಸ್ಸಿಗೆ ಹೋದರಾಯಿತು ಎಂದೆ. ಅವಳು ತಾನೇ ಹೋಗುತ್ತೇನೆ ಎಂದು ಮಗುವನ್ನೆತ್ತಿಕೊಂಡು ಎದ್ದಳು. ಬಾಗಿಲಿಗೆ ಅಡ್ಡ ನಿಂತೆ. ಅವಳು ಆ ರಾತ್ರಿಯೆಲ್ಲ ಒಲೆಯ ಹತ್ತಿರದಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಯ ಹತ್ತಿರಕ್ಕೆ ನಡೆದಳು. ಬಸ್ಸು ಬರುವ ಮೊದಲೇ ಮಗು ಹೋಯಿತು. ನನ್ನ ಪಂಚೆಯಲ್ಲಿ ಸುತ್ತಿ ಮಣ್ಣು ಮಾಡಿದೆ.

ಸುದ್ದಿ ತಿಳಿದು ಅವಳ ಅಣ್ಣ ಬಂದ. ಅಂಗಳದಲ್ಲೇ ನಿಂತು, "ಒಂದ್ ಮಾತ್ ಅಂದಿದ್ರೆ ಬತ್ತಿರ್ನಿಲ್ವಾ ಬಾವ?" ಎಂದ. ಅಷ್ಟೇ. ಅದಾದ ಮೇಲೆ ನಾನು ಹೆಂಡತಿಗೆ, ಈ ಮನೆಯಲ್ಲಿ ಆ ಮಗುವಿನ ಮಾತು ಎತ್ತಕೂಡದು ಎಂದೆ. ಅವಳು ಎತ್ತಲಿಲ್ಲ. ಬಹಳ ವರ್ಷದ ಮೇಲೆ ಹುಟ್ಟಿದ ಮಗನಿಗೆ ತನಗೊಬ್ಬ ಅಕ್ಕ ಇದ್ದಳೆಂಬುದೇ ಗೊತ್ತಿರಲಿಲ್ಲ. ನಾನು ಮಾತೆತ್ತಬೇಡ ಎಂದದ್ದನ್ನೂ ಅವಳು ಮರೆತದ್ದು ಈ ಕಾಯಿಲೆ ಬಂದ ಮೇಲೆಯೇ.

ಹೀಗೆ ನನ್ನ ಸೊಸೆಗೆ ಎಲ್ಲ ಗೊತ್ತಾಗಿತ್ತು, ಅವಳು ಗಂಡನಿಗೂ ಹೇಳಿರಲಿಲ್ಲ. "ಅವ್ರು ಕೇಳಾಕೋಗ್ಲಿಲ್ಲ ಕಣೇ, ಬಾಗ್ಲಿಗ್ ಅಡ್ಡ ನಿಂತ್ಕಂಡ್ರು" ಎಂದು ಹೆಂಡತಿ ಹೇಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಅದನ್ನು ರಾತ್ರಿ ಕೇಳಿದ ಹುಡುಗಿ ಬೆಳಿಗ್ಗೆ ನನಗೆ ಕಾಫಿ ತಂದುಕೊಡುತ್ತಿದ್ದಳು. ಅವಳ ಕಣ್ಣಿನ ಕೆಳಗಿನ ಕಪ್ಪು ನನಗೆ ನೋಡಲಾಗುತ್ತಿರಲಿಲ್ಲ. ಅದು ಅಳಿಸಿಹೋದರೆ ರಾತ್ರಿ ಏನೂ ನಡೆದೇ ಇಲ್ಲ ಎಂದುಕೊಳ್ಳಬಹುದಿತ್ತು. ಅದಕ್ಕೇ ಮಾತ್ರೆ.

ಒಂದು ಬೆಳಿಗ್ಗೆ ಅವಳು ಕಂಪನಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ಹಾಗೇ ಹಿಂದಕ್ಕೆ ಬಿದ್ದಳು. ಜೊತೆಯ ಹುಡುಗಿಯರು ಹಿಡಿದುಕೊಂಡಿದ್ದರಿಂದ ತಲೆಗೆ ಪೆಟ್ಟಾಗಲಿಲ್ಲ. ಮಗ ಆ ವಾರ ರಾತ್ರಿ ಶಿಫ್ಟಿನಲ್ಲಿದ್ದ, ಇನ್ನೂ ಮನೆಗೆ ಬಂದಿರಲಿಲ್ಲ. ಹೆಂಡತಿಯನ್ನು ಹಿಟ್ಟು ಮಾರುವವಳ ಹತ್ತಿರ ಬಿಟ್ಟು, ನಾನೇ ಸೊಸೆಯನ್ನು ಆಟೋದಲ್ಲಿ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿದರು, ಡ್ರಿಪ್ ಹಾಕಿದರು. ಡಾಕ್ಟರಮ್ಮ ತಮಿಳಿನಲ್ಲಿ, ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದರು. ನಾನು ಚೀಲದಿಂದ ಮೂರೂ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೇ ತಿರುಗಿಸಿ ಓದಿದರು. ವಿಟಮಿನ್ ಡಬ್ಬಿ ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ, ಹೆಚ್ಚಾದದ್ದನ್ನೆಲ್ಲ ಮೈ ಹೊರಗೆ ಹಾಕುವುದಿಲ್ಲ, ಒಳಗೇ ಸೇರಿಕೊಂಡು ತೊಂದರೆ ಕೊಡುವುದೂ ಉಂಟು ಎಂದರು. ರಕ್ತ ಚೆನ್ನಾಗಿಯೇ ಇದೆ, ಇದ್ಯಾವುದೂ ಬೇಡ, ನಿಲ್ಲಿಸಿ ಎಂದರು. ಯಾರು ಕೊಟ್ಟದ್ದು ಎಂದಾಗ ಸೊಸೆ, "ನಾನೇ ತಗೊಂಡೆ ಮೇಡಂ" ಎಂದಳು.

"ರಾತ್ರಿ ಸರಿಯಾಗಿ ನಿದ್ದೆ ಮಾಡ್ತೀಯಾಮ್ಮ?"

ಅವಳು ನನ್ನ ಕಡೆ ನೋಡಲಿಲ್ಲ. "ಚೆನ್ನಾಗ್ ಮಾಡ್ತೀನಿ" ಎಂದಳು.

ಡಾಕ್ಟರಮ್ಮ ನನ್ನನ್ನು ನೋಡಿದರು. ಇಲ್ಲ, ಅವಳು ತಿಂಗಳುಗಳಿಂದ ಮಲಗಿಲ್ಲ ಎಂದು ನಾನು ಅಲ್ಲಿ ಹೇಳಬಹುದಾಗಿತ್ತು. ಡಬ್ಬಿಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡೆ.

ಸಾಯಂಕಾಲ ಮನೆಗೆ ಬಂದೆವು. ಮಗ ಅವಳನ್ನು ಮಾತಾಡಿಸಿ, ರಜೆ ಸಿಗದೆ ಮತ್ತೆ ಶಿಫ್ಟಿಗೆ ಹೋದ. ದೀಪ ಹಚ್ಚುವ ಹೊತ್ತಿಗೇ ಒಳಗೆ ಕಾಲುಂಗುರದ ಸದ್ದು ಶುರುವಾಯಿತು. ಸೊಸೆ ಗೋಡೆ ಹಿಡಿದುಕೊಂಡು ಎದ್ದಳು. ಅವಳ ಕೈ ಮೇಲೆ ಡ್ರಿಪ್ಪಿನ ಪ್ಲಾಸ್ಟರು ಇನ್ನೂ ಇತ್ತು. ಏನು ಮಾಡುವುದೆಂದು ತೋಚದೆ ನಾನು, "ಗಂಜಿ ಕುಡ್ದು ಎದ್ದೇಳಮ್ಮ, ಬೇರೆ ಒಳ್ಳೇ ಟಾನಿಕ್ ಏನಾದ್ರೂ ತತ್ತೀನಿ" ಎಂದೆ.

ಅವಳು ನಿಂತಳು.

"ಟಾನಿಕ್ಕೂ ಬ್ಯಾಡ, ಮಾತ್ರೆನೂ ಬ್ಯಾಡ ಮಾವ. ನೀವ್ ಒಂದ್ಸಲ ಒಳಕ್ ಬನ್ನಿ."

ನಾನು ಗಂಜಿಯ ಲೋಟ ಮುಂದೆ ಚಾಚಿದೆ.

"ಅತ್ತೆ ಕೇಳ್ತಾ ಇರೋದು ನನ್ನನ್ನಲ್ಲ" ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ. ಅವಳಿಗೆ ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೇ ಉಳಿದಿರಲಿಲ್ಲ. ಗೋಡೆಗೊರಗಿ ಹಾಗೇ ಜಾರಿ ಕೂತಳು. ಕೂತಲ್ಲೇ ನಿದ್ದೆ ಹೋದಳು.

ನಾನು ಒಳಗೆ ಹೋದೆ. ಹೆಂಡತಿ ಗಂಟನ್ನು ಎದೆಗವಚಿಕೊಂಡು ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು. ತಿರುಗಿ ನೋಡಿದಳು, ಗುರುತು ಸಿಗಲಿಲ್ಲ.

"ಯಾರಪ್ಪಾ ನೀನು? ಬಸ್ಸಿನೋನಾ?"

"ಅಲ್ಲ."

"ಬಸ್ ಬತ್ತದಾ?"

ಬರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಬೇರೆ ಮಾತು ಬಂತು. "ಬಸ್ ಇಲ್ಲ. ಬೆಳಿಗ್ಗೇನೇ ಇನ್ನ. ಒಬ್ರ ಹತ್ರ ಜೀಪಿತ್ತು. ನಾನ್ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ನನ್ ಮಗಳು ಹೋಗ್ಬುಟ್ಳು."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಕನಿಕರದಿಂದ ತಲೆಯಾಡಿಸಿದಳು.

"ನಮ್ ಯಜಮಾನ್ರೂ ಹಂಗೇಯ" ಎಂದಳು. "ಕೇಳಾಕ್ ಬರಾಕಿಲ್ಲ ಅವ್ರಿಗೆ. ನೀನಾದ್ರೂ ಹೋಗಪ್ಪಾ. ಹಳ್ಳದಾಚೆ ನಮ್ಮಣ್ಣನ್ ಮನೆ. ಕೇಳ್ಕಂಡ್ ಬಾ."

ಅವಳ ಅಣ್ಣ ತೀರಿಹೋಗಿ ಬಹಳ ವರ್ಷವಾಗಿದೆ. ನಾನು ಹೋಗಿ ಗೇಟಿನ ಹತ್ತಿರ ನಿಂತೆ. ವಾಪಸು ಬಂದು, ಕೇಳಿದೆ ಎಂದೆ.

"ಏನಂದ?"

"ಬತ್ತೀನಿ ಅಂದ."

"ನೋಡ್ದಾ" ಎಂದಳು. "ನಮ್ಮಣ್ಣ ಯಾವತ್ತಾರ ಇಲ್ಲ ಅಂತಾನಾ?" ಹಾಗನ್ನುತ್ತ ಗಂಟನ್ನು ಮಂಚದ ಮೇಲಿಟ್ಟು ಅದರ ಪಕ್ಕದಲ್ಲಿ ಮಲಗಿದಳು.

ಮಾರನೆಯ ದಿನ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ಕೆಲವು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಈಗ ಕೂರುತ್ತಾನೆ, ಮಾತು ಕಮ್ಮಿ. ಸೊಸೆಯ ಚಾಪೆ ಅವರ ಕೋಣೆಗೆ ಹೋಯಿತು, ನನ್ನ ಹಾಸಿಗೆ ಹೆಂಡತಿಯ ಕೋಣೆಗೆ ಬಂತು. ಅವಳ ಕಣ್ಣಿನ ಕೆಳಗೆ ಈಗ ಸ್ವಲ್ಪ ತಿಳಿಯಾಗಿದೆ. ಪೂರ್ತಿ ಹೋಗಿಲ್ಲ, ಹೋಗುತ್ತದೋ ಇಲ್ಲವೋ ನನಗೆ ತಿಳಿಯದು.

ಹೆಂಡತಿ ದಿನವೂ ಏಳುತ್ತಾಳೆ. ದಿನವೂ ನನ್ನನ್ನು ಕಳಿಸುತ್ತಾಳೆ. ನಾನು ಗೇಟಿನ ಹತ್ತಿರ ನಿಂತು, ಹಳ್ಳ ಇಳಿದು, ಹುಣಸೆ ತೋಪು ದಾಟಿ, ಅವಳ ಅಣ್ಣನ ಅಂಗಳಕ್ಕೆ ಹೋಗಿಬರುವಷ್ಟು ಹೊತ್ತು ಕಾಯುತ್ತೇನೆ. ಆ ದಾರಿಯನ್ನು ಅವತ್ತು ನಡೆಯಲಿಲ್ಲ, ಈಗ ನಿಂತಲ್ಲೇ ನಡೆಯುತ್ತೇನೆ. ಕೆಲವು ದಿನ ಚಳಿಗೆ ಮೊಣಕಾಲು ತಡೆಯದೆ ಬೇಗ ಒಳಗೆ ಬಂದುಬಿಡುತ್ತೇನೆ. ಆಗ ಅವಳಿಗೆ ತಿಳಿದುಬಿಡುತ್ತದೆ. ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡುತ್ತಾಳೆ.

"ನೀನ್ ಹೋಗೇ ಇಲ್ಲ, ಅಲ್ವಾ?"

"ಇಲ್ಲ" ಎನ್ನುತ್ತೇನೆ.

"ಹೋಗು."

ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತೇನೆ.