ಬಸುರಿಯ ತಟ್ಟೆ ಅಳೆಯುವ ದೊಡ್ಡಮಾದಮ್ಮ

ಬೆಳಗಿನ ಏಳು ಗಂಟೆ ಇನ್ನೂ ಆಗಿಲ್ಲ. ತೆರಕಣಾಂಬಿಯ ಮಾನಸಳ ಅಡುಗೆಮನೆಯಲ್ಲಿ ದೊಡ್ಡಮಾದಮ್ಮ ಕೂತಿದ್ದಾರೆ. ಬಳೆ ತೆಗೆದಿಟ್ಟಿದ್ದಾರೆ, ವಿಭೂತಿ ಮುಟ್ಟಿದ ಕೈಯನ್ನು ಮೂರು ಸಲ ತೊಳೆದಿದ್ದಾರೆ. ಪಕ್ಕದಲ್ಲಿ ಪುಟ್ಟ ತಕ್ಕಡಿ, ಬಿಳಿ ಪ್ಲಾಸ್ಟಿಕ್ ಡಬ್ಬಿ. ಐದು ತಿಂಗಳ ಬಸುರಿ ಮಾನಸ ಇವತ್ತು ಏನೇನು, ಎಷ್ಟೆಷ್ಟು ಉಣ್ಣುತ್ತಾಳೋ ಅಷ್ಟೇ ಈ ಡಬ್ಬಿಗೂ ಬೀಳಬೇಕು. ಒಬ್ಬರ ಪಾಲು ಹೆಚ್ಚಿಗೆ ಬೇಯಿಸಲು ನಿನ್ನೆಯೇ ಹೇಳಿಹೋಗಿದ್ದರು.

"ನನ್ ಮೊಕ ಯಾಕ್ ನೋಡ್ತೀಯೆ? ನೀನು ಬಡುಸ್ಕೊ ಕಣಮ್ಮಿ. ಆಮೇಲೆ ನನ್ ಡಬ್ಬಿ" ಎಂದು ಗದರುತ್ತಾರೆ. ಗದರಿಕೆಯಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಜಾಸ್ತಿ.

ಐವತ್ತೆರಡರ ದೊಡ್ಡಮಾದಮ್ಮ ಮೊದಲು ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದರು. ಎಂಟು ವರ್ಷದಿಂದ ಚಾಮರಾಜನಗರದ ಆಹಾರ ಪರೀಕ್ಷೆಯ ಲ್ಯಾಬೊಂದರಲ್ಲಿ ಗುತ್ತಿಗೆ ಕೆಲಸ. ದಿನಕ್ಕೆ ಒಂದೇ ಮನೆ. ತಂದ ಊಟವನ್ನು ಲ್ಯಾಬಿನಲ್ಲಿ ಒಣಗಿಸಿ, ಸುಟ್ಟು ಬೂದಿ ಮಾಡಿ, ಅದರಲ್ಲಿ ಕಬ್ಬಿಣ, ಸತು ಎಷ್ಟಿದೆಯೆಂದು ಅಳೆಯುತ್ತಾರೆ. ಇಡೀ ದಿನದ ಊಟದ ಕಬ್ಬಿಣವೆಲ್ಲ ಸೇರಿ ಒಂದು ಅಕ್ಕಿಕಾಳಿನ ತೂಕ ಬಂದರೆ ಹೆಚ್ಚು. "ಈಳಿಗೆಮಣೆ ತುಕ್ಕು ಒಂಚೂರು ಬಿದ್ರೂ ಲೆಕ್ಕ ಕೆಟ್ಟೋಯ್ತದೆ" ಅನ್ನುತ್ತಾರೆ.

ಆದರೆ ಹೋದ ವರ್ಷ ಲೆಕ್ಕ ಕೆಟ್ಟಿದ್ದು ತುಕ್ಕಿನಿಂದಲ್ಲ, ಮರ್ಯಾದೆಯಿಂದ. ತನ್ನೂರು ಉಮ್ಮತ್ತೂರಿನಲ್ಲಿ ಪುಟ್ಟಿ ಎಂಬ ಬಸುರಿಯ ಮನೆಯಿಂದ ಡಬ್ಬಿ ತುಂಬಿಸಿಕೊಂಡು ಹೊರಟವರು, ಮರೆತ ತಕ್ಕಡಿಗೆಂದು ವಾಪಸ್ ಹೋದರು. ಎಲ್ಲರೂ ಉಂಡೆದ್ದ ಮೇಲೆ ಪುಟ್ಟಿ ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಮುದ್ದೆ, ಸುತ್ತ ಬರೀ ಸಾರಿನ ನೀರು. ಸೊಪ್ಪು, ಕಾಳೆಲ್ಲ ಡಬ್ಬಿಗೆ ಹೋಗಿತ್ತು. ಮನೆಗೆ ಬಂದವರಿಗೆ ತೆಳ್ಳಗೆ ಬಡಿಸಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ! ಉಳಿದ ಮನೆಗಳಲ್ಲೂ ಹೀಗೇ ಆಗಿರಬೇಕು ಎಂದು ಅವರಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ನಲವತ್ತೆರಡು ಮನೆಗಳ ಅಳತೆ ಮುಗಿದಿತ್ತು. ಈ ಊರುಗಳ ಬಸುರಿಯರ ಊಟದಲ್ಲಿ ಕಬ್ಬಿಣ ಸಾಕಷ್ಟಿದೆ ಎಂಬ ವರದಿ ತಯಾರಾಗುತ್ತಿತ್ತು. ಅದು ಹಾಗೇ ಹೋಗಿದ್ದರೆ, ಬಸುರಿಯರಿಗೆ ದಿನಾ ಒಂದು ಹೊತ್ತು ಸೊಪ್ಪು-ಕಾಳಿನ ಊಟ ಕೊಡಿಸುವ ಪ್ರಸ್ತಾಪ ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡಮಾದಮ್ಮನ ಗುತ್ತಿಗೆ ಮುಂದುವರಿಯಬೇಕಾದ ತಿಂಗಳೂ ಅದೇ.

ಮಾರನೆಯ ದಿನ ಲ್ಯಾಬಿನ ಮುಖ್ಯಸ್ಥೆ ಸುಧಾಮಣಿಯವರ ಮುಂದೆ ನಿಂತು ಹೇಳಿಯೇಬಿಟ್ಟರು: "ಮೇಡಮ್ಮೋರೆ, ನಾನ್ ತಂದ ಡಬ್ಬಿ ಎಲ್ಲಾ ಸುಳ್ಳು. ಎಣ್ಮಕ್ಳು ಉಣ್ಣೋದೇ ಬ್ಯಾರೆ, ನಂಗೆ ಕೊಟ್ಟಿದ್ದೇ ಬ್ಯಾರೆ."

ಎರಡು ತಿಂಗಳ ಕೆಲಸ ನೀರುಪಾಲಾಯಿತು. ಸುಧಾಮಣಿ ತಯಾರಾಗುತ್ತಿದ್ದ ವರದಿಯನ್ನು ಬದಿಗಿಟ್ಟರು. ಆಮೇಲೆ, "ನಾಳೆಯಿಂದ ಮತ್ತೆ ಶುರು ಮಾಡೋಣ" ಎಂದರು. ಗುತ್ತಿಗೆಯೂ ಉಳಿಯಿತು.

ಈಗ ದೊಡ್ಡಮಾದಮ್ಮ ಮನೆಯವರೆಲ್ಲ ಉಣ್ಣುವವರೆಗೆ ಕಾದು ಕೂರುತ್ತಾರೆ. ಬಸುರಿ ತನಗೆ ಬಡಿಸಿಕೊಂಡ ಮೇಲಷ್ಟೇ ಡಬ್ಬಿಯ ಸರದಿ. ಹೊಸ ಅಳತೆಯಲ್ಲಿ ಕಬ್ಬಿಣ ಅರ್ಧಕ್ಕಿಳಿದಿದೆ. ಆ ಊಟದ ಪ್ರಸ್ತಾಪಕ್ಕೆ ಮತ್ತೆ ಜೀವ ಬಂದಿದೆ, ಮಂಜೂರಾತಿ ಇನ್ನೂ ಬರಬೇಕು.

ನಿಮಗೇನು ಆಸೆ ಎಂದು ಕೇಳಿದರೆ ಡಬ್ಬಿಯ ಮುಚ್ಚಳ ಒತ್ತುತ್ತಾ ಹೇಳುತ್ತಾರೆ: "ಈ ಡಬ್ಬಿಗೆ ಇನ್ನೊಂದ್ಸಲ ಗಟ್ಟಿ ಸಾರು ಬೀಳ್ಬೇಕು ಕಣಪ್ಪ. ಆದ್ರೆ ಆವತ್ತು ಬಸ್ರಿ ತಟ್ಟೇಲೂ ಅದೇ ಇರ್ಬೇಕು."